ಲೆಕ್ಕ ತಾಳೆಯಾಗದ ಪೈಪು

ನಮ್ಮ ಮೇಷ್ಟ್ರ ಬಲಗೈ ಸದಾ ನಡುಗುತ್ತಿತ್ತು. ಬೋರ್ಡಿನ ಮೇಲೆ ಅವರೆಳೆದ ಗೆರೆಗಳೆಲ್ಲ ಅಂಕುಡೊಂಕು. ಕಾಯಿಲೆ ಎಂದು ಕೆಲವರು ಹೇಳುತ್ತಿದ್ದರು, ಪುಕ್ಕಲುತನ ಎಂದು ಕೆಲವರು. ಎರಡೂ ನಿಜ ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುವ ಮನುಷ್ಯ. ಲ್ಯಾಬಿನಲ್ಲಿ ಪಂಪ್ ಶುರುಮಾಡುವ ಮೊದಲು ಯಾವಾಗಲೂ ಒಂದು ಮಾತು: “ಧೈರ್ಯ ಇರೋರು ಹಿಂದೆ ನಿಲ್ಲಿ. ಹೆದರಿಕೆ ಇರೋರು ಬಂದು ವಾಲ್ವ್ ಮುಟ್ಟಿ.”

ನಾನು ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವರೇ ನನ್ನ ಗೈಡ್. ಪೈಪಿನಲ್ಲಿ ಹರಿಯುವ ನೀರನ್ನು ಅದರ ಒಳಮೈ ಉಜ್ಜಿ ತಡೆಯುತ್ತದೆ. ಹಾಗೆ ಎಷ್ಟು ಒತ್ತಡ ಕಳೆದುಹೋಗುತ್ತದೆ ಎಂದು ತಿಳಿಸುವ ಅಂಕಿಯೇ ಫ್ರಿಕ್ಷನ್ ಫ್ಯಾಕ್ಟರ್. ಪೈಪಿನ ಒಳಗನ್ನು ಸಾವಿರಾರು ಪುಟ್ಟ ತುಂಡುಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ನೀರು ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಆ ಅಂಕಿಯನ್ನು ಕಂಡುಹಿಡಿಯುವುದು ನನ್ನ ಕೆಲಸ.

ನಿಜವಾದ ಪೈಪು ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಒಂದು ಎಸ್ಟೇಟಿನಲ್ಲಿತ್ತು. ಗುಡ್ಡದ ಮೇಲಿನ ಹಳ್ಳದಿಂದ ಹೊರಟ ಹಳೆಯ ಕಬ್ಬಿಣದ ಪೈಪು, ಕೂಲಿಯವರ ಲೈನ್ ಮನೆಗಳ ಹಿಂದೆ ಮಣ್ಣಿನಡಿಯಲ್ಲಿ ಹಾದು ಕೆಳಗಿಳಿಯುತ್ತಿತ್ತು. ಅದರ ತುದಿಗೆ ಸಣ್ಣ ಟರ್ಬೈನ್ ಕೂರಿಸಿ ಕರೆಂಟು ಮಾಡಿಕೊಳ್ಳುವ ಆಸೆ ಮಾಲೀಕರದು. ಮೇಷ್ಟ್ರು ಆ ಪೈಪಿನ ಒಂದು ತುಂಡು ಕತ್ತರಿಸಿ ತರಿಸಿ, ಒಳಗೆ ಬೆರಳಾಡಿಸಿ, ತುಕ್ಕಿನ ಒರಟುತನ ಅಳೆದು ನನಗೆ ಕೊಟ್ಟಿದ್ದರು.

ಮಳೆಗಾಲದ ಒಂದು ಬೆಳಿಗ್ಗೆ ನಾವಿಬ್ಬರೂ ಅಲ್ಲಿಗೆ ಹೋಗಿ ಅಳತೆ ಮಾಡಿದೆವು. ಹಳ್ಳದ ಬಳಿ ಒತ್ತಡ ಅಳೆಯುವ ಒಂದು ಮೀಟರು, ಕೆಳಗೆ ಇನ್ನೊಂದು. ತುದಿಯಲ್ಲಿ ಬೀಳುವ ನೀರನ್ನು ಡ್ರಮ್ಮಿಗೆ ಹಿಡಿದು ಅಳೆದೆವು. ನನ್ನ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ಒತ್ತಡ ಕಳೆದುಹೋಗುತ್ತಿತ್ತು. ಮೀಟರುಗಳನ್ನು ಅದಲುಬದಲು ಮಾಡಿದರೂ ಅದೇ ಫಲ.

ಜೊತೆಗಿದ್ದ ಎಸ್ಟೇಟಿನ ಮ್ಯಾನೇಜರು ನಕ್ಕರು. “ಹಳೇ ಪೈಪಲ್ವಾ ಸರ್, ತುಕ್ಕು ಇನ್ನೂ ಜಾಸ್ತಿ ಅಂತ ಹಾಕ್ಕೊಳ್ಳಿ.”

ಕಂಪ್ಯೂಟರಿನಲ್ಲಿ ಅದೇನೂ ಕಷ್ಟವಿರಲಿಲ್ಲ. ಒರಟುತನದ ಅಂಕಿ ಏರಿಸಿದರೆ ಉತ್ತರ ತಾನಾಗಿ ಕೂರುತ್ತಿತ್ತು. ಆದರೆ ಮೇಷ್ಟ್ರು ಬಿಳಿಚಿದ ಮುಖದಲ್ಲಿ ನನ್ನ ಕಡೆ ತಿರುಗಿದರು.

“ಅಷ್ಟು ತುಕ್ಕಿದ್ರೆ ನನ್ನ ಬೆರಳಿಗೆ ಸಿಗ್ತಿತ್ತು. ಡ್ರಮ್ಮಿಗೆ ಬಿದ್ದ ನೀರಿಗೆ ಇಷ್ಟು ಒತ್ತಡ ಕಳೆಯೋದಿಲ್ಲ ಮಾರಾಯ್ತಿ. ಮೇಲೆ ಇದಕ್ಕಿಂತ ಜಾಸ್ತಿ ನೀರು ಹರೀತಾ ಇರ್ಬೇಕು. ಹಾಗಾದ್ರೆ ಉಳಿದ ನೀರು ಎಲ್ಲಿಗೆ ಹೋಗ್ತಿದೆ?”

ಅವರು ಪೈಪಿನ ಜಾಡು ಹಿಡಿದು ಗುಡ್ಡ ಹತ್ತತೊಡಗಿದರು, ನಾವು ಹಿಂದೆ. ಲೈನ್ ಮನೆಗಳ ನೆತ್ತಿಯ ಮೇಲೆ ಬಂದಾಗ ನನ್ನ ಕಾಲಡಿಯ ನೆಲ ಹಾಸಿಗೆಯ ಹಾಗೆ ಮೆತ್ತಗಾಯಿತು. ಮೇಲೆಲ್ಲ ಜರಿಗಿಡ, ನೀರು ಮಾತ್ರ ಕಾಣದು. ಮೇಷ್ಟ್ರು ಮಡಿಸಿದ ಛತ್ರಿಯ ತುದಿಯನ್ನು ನೆಲಕ್ಕೂರಿದರು. ಅದು ಹಿಡಿಯವರೆಗೂ ಇಳಿದುಹೋಯಿತು.

“ಹಳ್ಳದ ಹತ್ರದ ವಾಲ್ವ್ ಮುಚ್ಚಿಸಿ, ಗುಡ್ಡ ನೀರು ಕುಡಿದಿದೆ, ಜಾರುತ್ತೆ,” ಎಂದು ಕೂಗಿದವರೇ ಇಳಿಜಾರಿನಲ್ಲಿ ಕೆಳಗೆ ಓಡಿದರು. ಎರಡು ಸಲ ಬಿದ್ದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗಟ್ಟಿಮುಟ್ಟಾದವರೆಲ್ಲ ತೋಟದ ಕೆಲಸಕ್ಕೆ ಹೋಗಿದ್ದರು. ಲೈನಿನಲ್ಲಿ ಉಳಿದವರು ಮುದುಕರು, ಬಾಣಂತಿಯರು, ಮಕ್ಕಳು. ಮೇಷ್ಟ್ರು ಬಾಗಿಲು ಬಾಗಿಲು ಬಡಿದು ಹೊರಗೆ ಬರಹೇಳಿದರು. ವಾಲ್ವ್ ಮುಚ್ಚಿಸಿ ಬಂದ ಮ್ಯಾನೇಜರು ಸಿಟ್ಟಾದರು. “ಕಂಪ್ಯೂಟರ್ ಲೆಕ್ಕ ನಂಬ್ಕೊಂಡು ಇವ್ರನ್ನೆಲ್ಲ ಮಳೇಲಿ ನಿಲ್ಲಿಸ್ತೀರಾ?”

“ತಪ್ಪಾದ್ರೆ ಎಲ್ಲರ ಕಾಲಿಗೂ ಬೀಳ್ತೀನಿ. ಈಗ ಎಬ್ಬಿಸಿ.”

ಒಬ್ಬ ಅಜ್ಜಿ ಮಾತ್ರ ಜಗ್ಗಲಿಲ್ಲ. “ಒಲೆ ಮೇಲೆ ಅನ್ನ ಇದೆ, ನಾನು ಬರಲ್ಲ.” ಮೇಷ್ಟ್ರು ಒಳಗೆ ನುಗ್ಗಿ, ಕುದಿಯುವ ಪಾತ್ರೆಯನ್ನು ಪಂಚೆಯ ಸೆರಗಿನಲ್ಲಿ ಹಿಡಿದೆತ್ತಿಕೊಂಡು ಹೊರಟುಬಿಟ್ಟರು. ಗಂಜಿ ತುಳುಕಿ ಅಂಗೈ ಸುಟ್ಟಿತು. ಅಜ್ಜಿ ಬೈಯುತ್ತ ಪಾತ್ರೆಯ ಹಿಂದೆಯೇ ಬಂದಳು.

ಎಲ್ಲರೂ ದೂರದ ಗೋದಾಮಿನಲ್ಲಿ ಕುಳಿತೆವು. ಬಹಳ ಹೊತ್ತು ಏನೂ ಆಗಲಿಲ್ಲ. ಮಕ್ಕಳು ಅಳತೊಡಗಿದವು. ಮೇಷ್ಟ್ರು ಗುಡ್ಡದಿಂದ ಕಣ್ಣು ಕೀಳಲಿಲ್ಲ. ಏನೂ ಆಗದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಆಗದೇ ಹೋದರೆ ಮೇಷ್ಟ್ರ ಗತಿಯೇನು ಎಂಬ ಭಯವೂ ಇತ್ತು.

ಮಧ್ಯಾಹ್ನದ ಮಳೆ ಜೋರಾಗುತ್ತಿದ್ದ ಹಾಗೆ, ಮೂಟೆಗಳನ್ನು ಒಟ್ಟಿಗೆ ಎಳೆದಂತಹ ಸದ್ದು ಕೇಳಿತು. ತೋಟದ ನೆರಳಿಗೆ ಬೆಳೆಸಿದ್ದ ಸಿಲ್ವರ್ ಮರವೊಂದು ನಿಂತ ನಿಲುವಿನಲ್ಲೇ ಕೆಳಗೆ ಜಾರಿ ಬಂತು. ಅದರ ಹಿಂದೆ ಗುಡ್ಡದ ಮಗ್ಗುಲು. ಹಿಂದಿನ ಸಾಲಿನ ಮನೆಗಳು ಕಾಣಿಸದಾದವು. ಒಳಗೆ ಯಾರೂ ಇರಲಿಲ್ಲ.

ಮೇಷ್ಟ್ರು ಗೋಡೆ ಹಿಡಿದು ವಾಂತಿ ಮಾಡಿಕೊಂಡರು. ಮ್ಯಾನೇಜರು ಕೈಮುಗಿಯಲು ಬಂದರೆ ತಡೆದರು. “ಬೇಡ. ನಾನು ಹೆದರಿ ಓಡಿ ಬಂದೆ, ಅಷ್ಟೆ.” ಮರಳುವಾಗ ಬಸ್ಸು ಕೊಟ್ಟಿಗೆಹಾರ ದಾಟಿದ ಮೇಲೆ ಅವರು, “ತುಕ್ಕು ಅಂತ ನಾವೂ ಒಪ್ಪಿಕೊಂಡಿದ್ರೆ...” ಎಂದು ಶುರುಮಾಡಿ ಕಿಟಕಿಯ ಕಡೆ ತಿರುಗಿದರು.

ಮುಂದೆ ನಾನು ಊರುಗಳಿಗೆ ಕುಡಿಯುವ ನೀರಿನ ಪೈಪು ಹಾಕಿಸುವ ಕೆಲಸಕ್ಕೆ ಸೇರಿದೆ. ಕೆಲವು ವರ್ಷಗಳ ನಂತರ ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ದನಿ ಸಣ್ಣಗಾಗಿತ್ತು.

“ಕೆಲಸ ಹೇಗಿದೆ? ನಿದ್ದೆ ಬರುತ್ತಾ?”

“ಪೈಪಿಗೆ ಮೊದಲ ಸಲ ನೀರು ಬಿಡೋ ಹಿಂದಿನ ರಾತ್ರಿ ಮಾತ್ರ ಬರಲ್ಲ ಸರ್.”

ಅವರ ಮುಖ ಅರಳಿತು. “ಹಾಗಾದ್ರೆ ಸಾಕು,” ಎಂದರು.

ಆ ವರ್ಷದ ಮಳೆಗಾಲ ಶುರುವಾಗುವ ಮೊದಲೇ ತೀರಿಕೊಂಡರು. ಇಷ್ಟು ವರ್ಷಗಳಲ್ಲಿ ಎಷ್ಟೋ ಊರುಗಳಿಗೆ ನೀರು ಬಿಡಿಸಿದ್ದೇನೆ. ಆ ರಾತ್ರಿಗಳಲ್ಲಿ ನನಗೆ ಈಗಲೂ ನಿದ್ದೆ ಬರುವುದಿಲ್ಲ.