ಟಿ.ವಿ.ಯ ಬೆನ್ನು ನೋಡುವ ಮಾಮಿ

ಹೊಸ ಟಿ.ವಿ. ಆರಿಸಲು ನನ್ನ ಅತ್ತೆ ಜುಲೈಕಾ ಮಾಮಿ ಬಂಟ್ವಾಳದ ಯಾವ ಅಂಗಡಿಗೆ ಹೋದರೂ ಚಿತ್ರ ನೋಡುವುದಿಲ್ಲ. ಸೀದಾ ಅದರ ಹಿಂದಕ್ಕೆ ಹೋಗಿ ವಿ.ಸಿ.ಆರ್. ವಯರು ಸಿಕ್ಕಿಸುವ ತೂತು ಹುಡುಕುತ್ತಾರೆ. “ಟಿ.ವಿ.ಯ ಮುಖ ಈಚೆ ಉಂಟು ಮಾರಾಯ್ರೆ,” ಎಂದು ಅಂಗಡಿಯವನು ನಗುತ್ತಾನೆ. “ಮುಖ ನೀನೇ ನೋಡು. ನನ್ನ ಕ್ಯಾಸೆಟ್ ಇದರಲ್ಲಿ ಬರ್ತದಾ ಹೇಳು.” ಬರ್ತದೆ ಎಂದರೂ ಮಾಮಿಗೆ ನಂಬಿಕೆಯಿಲ್ಲ, ಬುರ್ಖಾದೊಳಗಿಂದ ಕ್ಯಾಸೆಟ್ ತೆಗೆದು ತೋರಿಸುತ್ತಾರೆ, ಕೈಗೆ ಮಾತ್ರ ಕೊಡುವುದಿಲ್ಲ. ನನ್ನ ಗಂಡ ತೀರಿಹೋಗುವ ಮೊದಲು ತನ್ನ ವಿಡಿಯೊ ತೆಗೆಸಿ ದುಬಾಯಿಯಿಂದ ಕಳಿಸಿದ್ದು ಅದೊಂದೇ. ನನ್ನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ದಿನಾ ಅದನ್ನು ಹಾಕುತ್ತಾರೆ. ಮನೆಯ ಹಳೆಯ ಟಿ.ವಿ.ಯಲ್ಲಿ ಚಿತ್ರ ಹೋಗಿ ತಿಂಗಳಾಯಿತು, ಸ್ವರ ಮಾತ್ರ ಬರುತ್ತದೆ. “ಉಮ್ಮಾ, ನಾನು ಕಾಣ್ತೇನಾ?” ಎಂದು ಕ್ಯಾಸೆಟ್ಟಿನೊಳಗಿಂದ ಇವರು ಕೇಳಿದಾಗ ಮಾಮಿ ಆ ಕಪ್ಪು ಗಾಜಿಗೆ, “ಕಾಣ್ತೀ ಮಗಾ, ಸಪೂರ ಆಗಿದ್ದೀ,” ಎನ್ನುತ್ತಾರೆ.