ಅತ್ತೆ ಬರೆದ ಸೂರ್ಯನ ಕಲೆಗಳು

ಮದುವೆಯಾಗಿ ಹೊಸಪೇಟೆಗೆ ಬರುವ ಮೊದಲು ಎರಡು ವರ್ಷ ನಾನು ಒಂದು ನಕ್ಷತ್ರದ ಬೆನ್ನು ಹತ್ತಿದ್ದೆ. ಸಂಶೋಧನಾ ಕೇಂದ್ರವೊಂದರಲ್ಲಿ ಸಹಾಯಕಿಯ ಕೆಲಸ. ಆ ನಕ್ಷತ್ರವನ್ನು ಒಂದು ಗ್ರಹ ಎಷ್ಟು ಹತ್ತಿರದಿಂದ ಸುತ್ತುತ್ತಿತ್ತೆಂದರೆ, ನಮ್ಮ ನಾಲ್ಕು ದಿನಕ್ಕೇ ಅದರ ಒಂದು ವರ್ಷ ಮುಗಿಯುತ್ತಿತ್ತು. ಸೂರ್ಯನ ಮೇಲಿರುವಂತೆ ಆ ನಕ್ಷತ್ರದ ಮೇಲೂ ಕಪ್ಪು ಕಲೆಗಳಿದ್ದವು. ಅವು ಕಣ್ಣಿಗೆ ಕಾಣುವುದಿಲ್ಲ. ಕಲೆಯಿರುವ ಮಗ್ಗುಲು ನಮ್ಮ ಕಡೆ ಬಂದಾಗ ಬೆಳಕು ತುಸುವೇ ಮಂಕಾಗುತ್ತದೆ, ಆಚೆ ಸರಿದಾಗ ಮತ್ತೆ ಏರುತ್ತದೆ. ಆ ಏರಿಳಿತವನ್ನು ದಿನದಿನವೂ ಬರೆದಿಟ್ಟರೆ ನಕ್ಷತ್ರ ತನ್ನ ಸುತ್ತ ತಾನು ಎಷ್ಟು ದಿನಕ್ಕೊಮ್ಮೆ ತಿರುಗುತ್ತದೆಂದು ತಿಳಿಯುತ್ತದೆ. ಅಷ್ಟು ಹತ್ತಿರ ಸುತ್ತುವ ಗ್ರಹ ತನ್ನ ನಕ್ಷತ್ರದ ಮೈಯನ್ನು ಕದಡುತ್ತದೆಯೇ, ಕಲೆಗಳು ಏಳುವುದು ಅದರ ಕಾಟಕ್ಕೇ ಏನು ಎಂಬುದು ನನ್ನ ಪ್ರಶ್ನೆ. ಉತ್ತರ ಸಿಗುವ ಮೊದಲೇ ಕಂಪ್ಲಿಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ತಾನು ಕಣ್ಣು ಮುಚ್ಚುವುದರೊಳಗೆ ಮಗಳ ಮದುವೆಯಾಗಲಿ ಎಂದರು. ನಾನು ಒಲ್ಲೆ ಎನ್ನಲಿಲ್ಲ.

ಗಂಡನಿಗೆ ಸಂಡೂರಿನ ಗಣಿಯಲ್ಲಿ ಕೆಲಸ. ಬೆಳಗ್ಗೆ ಆರಕ್ಕೆ ಜೀಪಿನಲ್ಲಿ ಹೋದರೆ ಕತ್ತಲಾದ ಮೇಲೇ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆ ಮೆಟ್ರಿ ಎಂಬ ಹಳ್ಳಿಯ ಕಡೆಯವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಮಾತೂ ಕಡಿಮೆ. ನಾನು ಅವರಿಗೆ ಅಂಜುತ್ತಿದ್ದೆ.

ನನ್ನ ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ದೂರದರ್ಶಕವಿತ್ತು. ಒಂದು ಮುಂಜಾನೆ ತಡೆಯಲಾರದೆ ಅದನ್ನು ಮಾಳಿಗೆಗೆ ಒಯ್ದು, ಸೂರ್ಯನತ್ತ ತಿರುಗಿಸಿ, ಹಿಂದೆ ಬಿಳಿ ಹಾಳೆ ಹಿಡಿದೆ. ಹಾಳೆಯ ಮೇಲೆ ಅಂಗೈಯಗಲದ ಸೂರ್ಯ ಬಿದ್ದ. ಒಣಹಾಕಿದ ಸೀರೆಗಳಿಂದ ಗಣಿಯ ಕೆಂಪು ಧೂಳು ಕೊಡವಲು ಬಂದ ಅತ್ತೆ ನಿಂತು ನೋಡಿದರು.

"ಅದರಾಗ ಕರ್ರಗ ಅವೇನವ್ವಾ? ಧೂಳೇನು?"

"ಧೂಳಲ್ರಿ ಅತ್ತಿ, ಸೂರ್ಯನ ಮೈಮ್ಯಾಲಿನ ಕಲೆ. ದುರ್ಬೀನಿಗೆ ಕಣ್ಣು ಹಚ್ಚಬ್ಯಾಡ್ರಿ, ಹಾಳಿ ಮ್ಯಾಲೆ ನೋಡ್ರಿ."

ಅವರು ಸೆರಗಿನ ತುದಿಯಿಂದ ಹಾಳೆ ಒರೆಸಿದರು. ಕಲೆ ಹೋಗಲಿಲ್ಲ. ಅತ್ತೆ ನಕ್ಕುಬಿಟ್ಟರು. ನನ್ನೆದುರು ಅವರು ನಕ್ಕದ್ದು ಅದೇ ಮೊದಲು.

ಕಲೆಗಳನ್ನು ಗುರುತು ಮಾಡಲು ಹೋಗಿ ನಾನು ಗೀಚಿದ್ದು ಕಂಡು ಪೆನ್ಸಿಲ್ ಕಸಿದುಕೊಂಡರು. ಐವತ್ತು ವರ್ಷ ರಂಗೋಲಿ ಹಾಕಿದ ಕೈ. ಒಂದು ಚುಕ್ಕಿಯೂ ಜಾರಲಿಲ್ಲ. ಅಂದಿನಿಂದ ಬರೆಯುವ ಕೆಲಸ ಅವರದಾಯಿತು, ದಿನಕ್ಕೊಂದು ಹಾಳೆ. ವಾರದೊಳಗೆ ಅವರೇ ಹೇಳಿದರು: "ಇವು ದಿನಾ ಒಂದೀಟು ಆಕಡಿ ಸರಿಯಾಕತ್ಯಾವ ನೋಡು." ಸೂರ್ಯನೇ ತಿರುಗುತ್ತಿದ್ದಾನೆ ಎಂದೆ.

ಒಂದು ದೀಪಾವಳಿಯ ಹೊತ್ತಿಗೆ ಕಡಲೆಕಾಳಿನಷ್ಟು ದೊಡ್ಡ ಕಲೆಯೊಂದು ಬಂತು. ದಿನದಿನ ಸರಿದು ಅಂಚಿನಾಚೆ ಇಳಿದು ಹೋಯಿತು. ಎರಡು ವಾರ ಅತ್ತೆ ಅದರ ದಾರಿ ಕಾದರು. "ಬಂತು ನೋಡು! ಭಾಳ ಸೊರಗ್ಯದ," ಎಂದು ಒಂದು ಬೆಳಗ್ಗೆ ಕೂಗಿದರು.

ಆ ದಿನ ನಾನು ನನ್ನ ನಕ್ಷತ್ರದ ಕಥೆ ಹೇಳಿದೆ. ಎಲ್ಲ ಕೇಳಿ, "ಅಷ್ಟು ಹತ್ರ ಇದ್ದ ಮ್ಯಾಲೆ ಕಾಡದ ಬಿಡ್ತದೇನು?" ಎಂದು ನನ್ನ ಮುಖ ನೋಡಿದರು. ಅತ್ತೆ ಸೊಸೆ ಇಬ್ಬರೂ ನಕ್ಕೆವು. ಆಮೇಲೆ ಮೆಲ್ಲಗೆ ಅಂದರು: "ಬಿಟ್ಟು ಬಂದದ್ದು ಏನಾತಂತ ಕೇಳಾಕ ಏನಾಗ್ಯದ? ಕಾಗದ ಬರಿ."

ಸೈಬರ್ ಸೆಂಟರಿನಿಂದ ಸಂಶೋಧನಾ ಕೇಂದ್ರದ ನನ್ನ ಹಳೆಯ ಮಾರ್ಗದರ್ಶಕರಿಗೆ ಇ-ಮೇಲ್ ಬರೆದೆ. ಉತ್ತರ ನೋಡಲು ಹೋದ ದಿನ ಅತ್ತೆಯೂ ಜೊತೆಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ಕೆಲಸವನ್ನು ಬೇರೊಬ್ಬ ವಿದ್ಯಾರ್ಥಿ ಮುಗಿಸಿದ್ದನಂತೆ. ಬೆಳಕಿನ ಏರಿಳಿತವೆಲ್ಲ ನಕ್ಷತ್ರ ತಿರುಗುವ ಹನ್ನೆರಡು ದಿನಕ್ಕೇ ಹೊಂದುತ್ತಿತ್ತು. ಗ್ರಹದ ನಾಲ್ಕು ದಿನದ ಸುಳಿವು ಎಲ್ಲೂ ಇರಲಿಲ್ಲ.

"ಹಂಗಾರ ಗ್ರಹದ ತಪ್ಪಿಲ್ಲ," ಎಂದರು ಅತ್ತೆ.

"ಇಲ್ರಿ."

"ನೀ ಅಲ್ಲೇ ಇದ್ದಿದ್ರ ಇದನ್ನ ನೀನ ಬರಿತಿದ್ದಿ?"

"ಹೂಂ ರಿ."

ಹೊರಗೆ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ರಸ್ತೆ ದಾಟಲು ಬಹಳ ಹೊತ್ತಾಯಿತು. ಅತ್ತೆ ನನ್ನ ಮುಂಗೈ ಹಿಡಿದವರು ಮನೆ ಮುಟ್ಟುವತನಕ ಬಿಡಲಿಲ್ಲ. ಆ ಬೆಳಕಿನ ಏರಿಳಿತದ ಗೆರೆಯನ್ನು ಒಮ್ಮೆ ನನ್ನ ಕೈಯಾರೆ ಎಳೆಯಬೇಕಿತ್ತು ಎಂದು ಅಂದು ಅನಿಸಿತು. ಇಂದಿಗೂ ಅನಿಸುತ್ತದೆ.

ಕೆಲವು ವರ್ಷಗಳ ಮೇಲೆ ಸೂರ್ಯನ ಕಲೆಗಳು ಕಡಿಮೆಯಾಗುತ್ತ ಬಂದು, ವಾರಗಟ್ಟಲೆ ಒಂದೂ ಕಾಣದಂತಾದವು. ಹನ್ನೊಂದು ವರ್ಷಕ್ಕೊಮ್ಮೆ ಹೀಗಾಗುವುದುಂಟು, ಮತ್ತೆ ಬರುತ್ತವೆ ಎಂದೆ. ಅತ್ತೆ ಆದರೂ ದಿನವೂ ಮೇಲೆ ಬಂದು ಬರೀ ದುಂಡು ಬರೆದು, "ಇವತ್ತೂ ಇಲ್ಲ," ಎಂದು ಇಳಿಯುತ್ತಿದ್ದರು. ಅಂಥ ಖಾಲಿ ದಿನಗಳಲ್ಲೇ ಅವರಿಗೆ ಜ್ವರ ಬಂತು. ಆರನೆಯ ದಿನ ತೀರಿಕೊಂಡರು.

ಕಲೆಗಳು ಗುಂಪುಗುಂಪಾಗಿ ಮರಳುವ ಹೊತ್ತಿಗೆ ಗಣಿ ನಿಂತು ಗಂಡ ಮನೆಯಲ್ಲೇ ಇದ್ದರು. ಆ ಬೆಳಗ್ಗೆ ನಾನು ಮಾಳಿಗೆಯಿಂದ ಅಡಿಗೆಮನೆಯ ಕಡೆ ಬಗ್ಗಿ, "ಅತ್ತಿ, ಬಂದಾವ ನೋಡ್ರಿ," ಎಂದು ಕೂಗಿಬಿಟ್ಟೆ. ಗಂಡ ಮೇಲೆ ಬಂದರು. ಹಾಳೆಯ ಮುಂದೆ ನನ್ನ ಪಕ್ಕದಲ್ಲಿ ಕೂತರು.