ಬನ್ನಿ ಗಿಡಕ್ಕೆ ಕಟ್ಟಿದ ಅವ್ವ

ನನ್ನ ಸಿಟ್ಟು ಕೆಟ್ಟದ್ದು, ಒಪ್ಪುತ್ತೇನೆ. ಆದರೂ ನಾಸಿಕದ ಪಂಚವಟಿಯ ಆ ದೇವಿ ಗುಡಿಯ ಹಿರಿಯನ ತಲೆಗೆ ಬಣ್ಣದ ಡಬ್ಬಿಯಿಂದ ಹೊಡೆದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

ನಾವು ಬಿಜಾಪುರದ ಕಡೆಯವರು, ಕಟ್ಟಡದ ಕೆಲಸಕ್ಕೆ ನಾಸಿಕಕ್ಕೆ ಬಂದವರು. ಅವ್ವ, ಹೆಂಡತಿ ಇಬ್ಬರೂ ಇಟ್ಟಿಗೆ ಹೊರುತ್ತಿದ್ದರು. ನಾನು ಗೋಡೆಗೆ ಬಣ್ಣ ಹಚ್ಚುತ್ತ ಹಚ್ಚುತ್ತ ದೇವರ ಚಿತ್ರ ಬರೆಯುವುದನ್ನು ಕಲಿತೆ. ಒಂದು ಮಧ್ಯಾಹ್ನ ಅವ್ವ ಮೂರನೇ ಮಾಳಿಗೆಯಿಂದ ಬುಟ್ಟಿಯ ಸಮೇತ ಬಿದ್ದು ಸತ್ತಳು. ಅವಳದೊಂದು ಫೋಟೊ ಕೂಡ ನಮ್ಮಲ್ಲಿರಲಿಲ್ಲ.

ಮರುವರ್ಷ ದಸರೆಗೆ ಮುಂಚೆ ಗುಡಿಯವರು ಹೊರಗೋಡೆಯ ಮೇಲೆ ದಸರೆಯ ಮರ ಬರೆಯೆಂದು ನನಗೆ ಹೇಳಿದರು. ಗಲ್ಲಿಯಲ್ಲಿದ್ದ ಮರವನ್ನು ರಸ್ತೆಗಾಗಿ ಕಡಿದಿದ್ದರು, ಹೆಂಗಸರಿಗೆ ಪೂಜೆಗೊಂದು ಮರ ಬೇಕಿತ್ತು. ಅವರ ಮನಸ್ಸಿನಲ್ಲಿದ್ದದ್ದು ಆಪ್ಟಾ ಮರ, ದಸರೆಯಲ್ಲಿ ಬಂಗಾರವೆಂದು ಅವರು ಹಂಚುವ ಎಲೆಯದು. ನನಗೋ ದಸರೆ ಎಂದರೆ ಬನ್ನಿ. ಅಜ್ಞಾತವಾಸಕ್ಕೆ ಹೊರಟ ಐವರು ಅಣ್ಣತಮ್ಮಂದಿರು ಆಯುಧ ಬಚ್ಚಿಟ್ಟದ್ದು ಬನ್ನಿಯಲ್ಲೇ ಅಲ್ಲವೇ? ಯಾರೂ ಹತ್ತಿರ ಸುಳಿಯಬಾರದೆಂದು ಕೊಂಬೆಗೊಂದು ಹೆಣ ಕಟ್ಟಿ, ಕೇಳಿದವರಿಗೆ ಇದು ನಮ್ಮ ತಾಯಿ ಎಂದರಂತೆ. ಆ ಕತೆ ಹೇಳಿದವಳು ಅವ್ವನೇ.

ಹಾಗೇ ಬರೆದೆ. ಬಿಲ್ಲು, ಗದೆ, ಕತ್ತಿ, ಮೇಲಿನ ಕೊಂಬೆಗೆ ಸೀರೆಯಲ್ಲಿ ಸುತ್ತಿದ ಹೆಣ. ಹೆಣಕ್ಕೆ ಅವ್ವನ ಮುಖ ಕೊಟ್ಟೆ. ಒಡೆದ ಹಣೆ, ಮುಚ್ಚಿದ ಕಣ್ಣು, ಗದ್ದದ ಮೇಲಿನ ಹಚ್ಚೆಯ ಚುಕ್ಕಿ, ಒಂದೂ ಬಿಡಲಿಲ್ಲ. ಬರೆದು ಮುಗಿಸಿ ಗೋಡೆಯ ಬುಡದಲ್ಲಿ ಕೂತು ಅತ್ತೆ.

ಬೆಳಿಗ್ಗೆ ಬಂದ ಹಿರಿಯ ನೋಡಿದವನೇ ಕಿರುಚಿದ.

"ದೇವಿ ಗೋಡೆ ಮೇಲೆ ಮುಡದಾ? ಪುಸೂನ್ ಟಾಕ್!" ಹೆಣವೇ, ಅಳಿಸಿಹಾಕು ಎಂದು.

"ಅದು ನನ್ನ ಆಯಿ," ಎಂದೆ, ನನ್ನ ತಾಯಿ ಎಂದು.

ಬನ್ನಿಯ ಕತೆಯ ಮಾತು ಹೇಳುತ್ತಿದ್ದೇನೆಂದುಕೊಂಡು ಅವನು ನಕ್ಕ. ಸುಣ್ಣದಲ್ಲಿ ಕುಂಚ ಅದ್ದಿ ಅವ್ವನ ಬಾಯಿಯ ಮೇಲೆ ಎಳೆದ. ಅವನೌನ! ಕೈಗೆ ಸಿಕ್ಕ ಡಬ್ಬಿ ಎತ್ತಿ ಬಾರಿಸಿದೆ. ಅವನ ಹಣೆ ಒಡೆಯಿತು. ಕೆಂಪು ಬಣ್ಣ ಯಾವುದು, ರಕ್ತ ಯಾವುದು ತಿಳಿಯಲಿಲ್ಲ. ಇನ್ನೊಮ್ಮೆ ಹೊಡೆದೆ. ಅಷ್ಟರಲ್ಲಿ ನಾಲ್ಕು ಜನ ನನ್ನನ್ನು ಕೆಡವಿ, ಏಣಿಯ ಬಿದಿರು ಮುರಿಯುವವರೆಗೆ ಬಡಿದರು. ಪಕ್ಕೆಲುಬು ಲಟ್ ಎಂದದ್ದು ನನಗೇ ಕೇಳಿಸಿತು. ನಾನು ಬಿದ್ದಲ್ಲಿಂದಲೇ ನೋಡುತ್ತಿದ್ದೆ, ಅವರು ಅವ್ವನ ಮುಖವನ್ನು ಪೂರ್ತಿ ಸುಣ್ಣದಲ್ಲಿ ಮುಚ್ಚಿದರು.

ಹೆಂಡತಿ ಆಟೋದಲ್ಲಿ ಹಾಕಿಕೊಂಡು ನಮ್ಮ ಬಾಡಿಗೆ ಖೋಲಿಗೆ ತಂದಳು. ಎದೆಗೆ ಬಟ್ಟೆ ಬಿಗಿದು ಕಟ್ಟುತ್ತ ಬೈದಳು.

"ಸಾಯಾಕ ಹೋಗಿದ್ರೇನು?"

"ಅವ್ವನ ಮಾರಿ ಅಳಿಸಿದ್ರು. ಇದ್ದದ್ದು ಅದೊಂದ."

"ಅದು ಹೆಣದ ಮಾರಿ ಅಲ್ಲೇನ್ರಿ? ಅತ್ತಿ ದಿನಾ ನಿಮ್ಮ ಎದುರಿಗೆ ಕುಂತು ಎಲಿ ಅಡಿಕಿ ಹಾಕ್ಕೊಂಡು ನಗತಿದ್ರು. ಆ ಮಾರಿ ಬರೀರಿ. ನಾ ಇಲ್ಲೇ ಗ್ವಾಡಿಗೆ ಹಚ್ಕೋತೀನಿ, ಯಾವಾಂವ ಅಳಸ್ತಾನ ನೋಡೂಣು."

ಪಕ್ಕೆ ಮುರಿದಿದ್ದರೂ ಬಲಗೈಗೆ ಏನೂ ಆಗಿರಲಿಲ್ಲ. ಸಕ್ಕರೆ ಪೊಟ್ಟಣದ ಕಾಗದ ಬಿಡಿಸಿ ಕೊಟ್ಟಳು. ಇದ್ದಿಲು ಹಿಡಿದೆ. ಗದ್ದ ಬಂತು, ಚುಕ್ಕಿ ಬಂತು, ಎಲೆ ಅಡಿಕೆಗೆ ಉಬ್ಬಿದ ಕೆನ್ನೆ ಬಂತು. ಕಣ್ಣು ತೆರೆಸಿದೆ.

ಹೆಂಡತಿ ಬಹಳ ಹೊತ್ತು ನೋಡಿದಳು.

"ಈ ಕಣ್ಣು ಯಾರವ್ರೀ?" ಎಂದಳು.

ಅಳಿಸಿದೆ, ಮತ್ತೆ ಬರೆದೆ. ಕಾಗದ ಹರಿಯುವವರೆಗೆ ಬರೆದೆ. ಮೂವತ್ತು ವರ್ಷ ನನ್ನನ್ನು ನೋಡಿದ ಕಣ್ಣುಗಳು, ಹೇಗಿದ್ದವೆಂದು ನನಗೆ ನೆನಪಾಗಲಿಲ್ಲ.